ಹಿಮವನ್ನು ನೋಡಿ ಮಳೆಯನ್ನು ನುಡಿದ ವಿಜ್ಞಾನಿ: ಹೆನ್ರಿ ಬ್ಲ್ಯಾನ್‌ಫರ್ಡ್

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಯುಗಾದಿಯ ದಿನ ಬೇವುಬೆಲ್ಲವನ್ನು ಸವಿದು, ಸಂಜೆ ದೇವಸ್ಥಾನದ ಜಗಲಿಯ ಮೇಲೆ ಕುಳಿತು ಪಂಚಾಂಗ ಶ್ರವಣ ಮಾಡುವುದು ನಮ್ಮ ಹಿರಿಯರ ವಾಡಿಕೆ. ಈ ವರ್ಷದ ರಾಜನಾರು, ಮಂತ್ರಿಯಾರು, ಮಳೆ ಎಷ್ಟು ಕೊಳಗ ಎಂಬುದನ್ನು ಅಲ್ಲಿ ಓದುತ್ತಾರೆ. ಉಳಿದ ಮಾತುಗಳಿಗೆ ತಲೆದೂಗಿ ಸುಮ್ಮನಿರುವ ರೈತನು ಮಳೆಯ ಮಾತು ಬಂದೊಡನೆ ಮೈಯೆಲ್ಲ ಕಿವಿಯಾಗುತ್ತಾನೆ. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರುಗಳ ಬೆದ್ದಲು ಹೊಲದ ರಾಗಿ, ಹುರುಳಿ, ಅವರೆಗಳು ಆಕಾಶವನ್ನೇ ನಂಬಿಕೊಂಡು ಬಂದ ಬೆಳೆಗಳು. ಆದುದರಿಂದ "ಈ ವರ್ಷ ಮಳೆ ಬರುವುದೇ?" ಎಂಬ ಪ್ರಶ್ನೆ ನಮಗೆ ಕುತೂಹಲದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಈ ಪ್ರಶ್ನೆಯನ್ನು ಅಳತೆಗೋಲು ಹಿಡಿದು, ಲೆಕ್ಕವಿಟ್ಟು, ಇಡೀ ಭಾರತಕ್ಕೆ ಅನ್ವಯಿಸಿ ಕೇಳಿದ ವಿಜ್ಞಾನಿಗಳಲ್ಲಿ ಮೊದಲಿಗನಾದ ಒಬ್ಬ ಮಹನೀಯನ ಬಾಳನ್ನೂ ಕಾರ್ಯವನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಆತನ ಹೆಸರು ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್.

ಬ್ಲ್ಯಾನ್‌ಫರ್ಡ್ ಹುಟ್ಟಿದ್ದು 1834ನೇ ಇಸವಿಯಲ್ಲಿ, ಲಂಡನ್ ನಗರದಲ್ಲಿ. ಅಲ್ಲಿನ ಗಣಿವಿದ್ಯಾ ಶಾಲೆಯಲ್ಲಿ ಕಲಿತು, ಬಳಿಕ ಜರ್ಮನಿಯ ಫ್ರೈಬರ್ಗಿನಲ್ಲಿಯೂ ವ್ಯಾಸಂಗ ಮಾಡಿ, 1855ರಲ್ಲಿ ತನ್ನ ಅಣ್ಣನಾದ ವಿಲಿಯಂನೊಡನೆ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಗೆ ಸೇರಿದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಮರುವರ್ಷ ಒಡಿಶಾದ ತಾಲ್ಚೇರ್ ಪ್ರಾಂತದಲ್ಲಿ ಕಲ್ಲಿದ್ದಲಿನ ನೆಲೆಯನ್ನು ಪರಿಶೀಲಿಸುತ್ತಿದ್ದಾಗ, ನಯವಾದ ಮಣ್ಣಿನ ಪದರದ ನಡುವೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹುದುಗಿದ್ದುದು ಈ ತರುಣರ ಕಣ್ಣಿಗೆ ಬಿತ್ತು. ಹರಿಯುವ ನೀರು ಹಗುರವಾದುದನ್ನೂ ಭಾರವಾದುದನ್ನೂ ಬೇರೆಬೇರೆಯಾಗಿ ಇಳಿಸಿಹೋಗುತ್ತದೆಯಷ್ಟೆ. ಎರಡನ್ನೂ ಒಂದೇ ಕಡೆ ತಂದಿಳಿಸಿದ್ದು ಹಿಮವೇ ಇರಬೇಕೆಂದು ಅವರು ತರ್ಕಿಸಿದರು. ಬಿರುಬೇಸಿಗೆಯ ಒಡಿಶಾದಲ್ಲಿ ಹಿಮವೆಂದರೆ ಯಾರು ನಂಬಿಯಾರು? ಆದರೆ ಆ ತರ್ಕ ಮುಂದೆ ನಿಜವೆಂದು ಸ್ಥಿರಪಟ್ಟಿತು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ ಈ ಭೂಭಾಗವು ದಕ್ಷಿಣ ಧ್ರುವದ ಕಡೆಗಿದ್ದು, ಹಿಮದ ಹಾಸಿನಡಿಯಲ್ಲಿತ್ತು. ಹವಾಗುಣವೆಂಬುದು ಸ್ಥಿರವಲ್ಲ, ಕಾರಣಗಳಿದ್ದರೆ ಅದು ಬದಲಾಗುತ್ತದೆ ಎಂಬ ಪಾಠವನ್ನು ಬ್ಲ್ಯಾನ್‌ಫರ್ಡ್ ಕಲ್ಲಿನಿಂದಲೇ ಕಲಿತನೆನ್ನಬಹುದು.

ಅನಂತರ ಅವನ ಕೆಲಸ ನಮ್ಮ ದಕ್ಷಿಣಕ್ಕೆ ಬಂದಿತು. ನೀಲಗಿರಿಯ ಬಂಡೆಗಳನ್ನೂ ತಿರುಚಿನಾಪಳ್ಳಿಯ ಸುತ್ತಣ, ಹಿಂದೊಮ್ಮೆ ಸಮುದ್ರದ ತಳವಾಗಿದ್ದ ನೆಲವನ್ನೂ ಅವನು ಅಭ್ಯಾಸ ಮಾಡಿದನು. ಬಿಸಿಲಿನ ಅಲೆದಾಟ ದೇಹಕ್ಕೆ ಒಗ್ಗದೆ ಆರೋಗ್ಯ ಕೆಟ್ಟಿತು. 1862ರಲ್ಲಿ ಆ ಕೆಲಸವನ್ನು ಬಿಟ್ಟು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ಅಲ್ಲಿಗೆ ಅವನ ಬಾಳು ಪಾಠ ಪ್ರವಚನಗಳಲ್ಲಿಯೇ ಕಳೆದುಹೋಗಬಹುದಿತ್ತು. ಆದರೆ ಎರಡೇ ವರ್ಷದಲ್ಲಿ ಬಂಗಾಳಕೊಲ್ಲಿ ಅವನನ್ನು ಬೇರೊಂದು ದಾರಿಗೆ ಕರೆಯಿತು.

1864ರ ಅಕ್ಟೋಬರ್ 5ರಂದು ಕಲ್ಕತ್ತೆಯ ಮೇಲೆ ಘೋರವಾದ ಚಂಡಮಾರುತವೊಂದು ಎರಗಿತು. ಹೂಗ್ಲಿ ನದಿಯ ಮುಖದಿಂದ ಸಮುದ್ರವು ಗೋಡೆಯಂತೆ ಒಳನುಗ್ಗಿತು. ಸುಮಾರು 60 ಸಾವಿರ ಜನ ಪ್ರಾಣ ಕಳೆದುಕೊಂಡರೆಂದು ಅಂದಾಜು. ಮುಂದಿನ ತಿಂಗಳಲ್ಲಿಯೇ ಮಚಲೀಪಟ್ಟಣಕ್ಕೂ ಅಂಥದೇ ಗತಿ ಬಂದಿತು. ಕಲ್ಕತ್ತೆಯ ಅನಾಹುತವನ್ನು ಪರಿಶೀಲಿಸಿ ವರದಿ ಬರೆಯುವ ಹೊಣೆ ಕರ್ನಲ್ ಗ್ಯಾಸ್ಟ್ರೆಲ್ ಎಂಬ ಅಧಿಕಾರಿಗೂ ಬ್ಲ್ಯಾನ್‌ಫರ್ಡನಿಗೂ ಬಿದ್ದಿತು. ಹಡಗುಗಳ ದಿನಚರಿಗಳನ್ನೂ ಬಂದರುಗಳ ವಾಯುಭಾರಮಾಪಕದ ಅಂಕಿಗಳನ್ನೂ ಒಂದೊಂದಾಗಿ ಕೂಡಿಸಿ ಅವರು ಆ ಚಂಡಮಾರುತ ನಡೆದು ಬಂದ ಹಾದಿಯನ್ನು ಗುರುತಿಸಿದರು. ಚಂಡಮಾರುತವು ದಡ ಮುಟ್ಟುವ ಮೊದಲು ಸಮುದ್ರದ ಮೇಲೆ ಹಾದಿಯುದ್ದಕ್ಕೂ ಗುರುತು ತೋರಿಸುತ್ತಲೇ ಬರುತ್ತದೆ. ಅದನ್ನು ಓದಬಲ್ಲವರೂ, ಓದಿ ತಂತಿಯ ಮೂಲಕ ತಿಳಿಸಬಲ್ಲವರೂ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವು! ಈ ಅರಿವಿನಿಂದಲೇ 1867ರಲ್ಲಿ ಬಂಗಾಳ ಸರಕಾರ ಬ್ಲ್ಯಾನ್‌ಫರ್ಡನನ್ನು ತನ್ನ ಹವಾಮಾನ ವರದಿಗಾರನನ್ನಾಗಿ ನೇಮಿಸಿತು. 1875ರಲ್ಲಿ ಇಡೀ ದೇಶಕ್ಕೆ ಒಂದೇ ಹವಾಮಾನ ಇಲಾಖೆ ಏರ್ಪಟ್ಟು, ಅವನೇ ಅದರ ಮೊದಲ ಮುಖ್ಯಸ್ಥನಾದನು. ಆ ಇಲಾಖೆಗೆ 2025ರ ಜನವರಿಯಲ್ಲಿ 150 ವರ್ಷ ತುಂಬಿದವು.

ಮಕ್ಕಳೇ, ಮುಖ್ಯಸ್ಥನಾದವನು ಮಾಡಿದ ಮೊದಲ ಕೆಲಸವೇನು ಬಲ್ಲಿರಾ? ಅದು ಯಾವ ಹೊಸ ಸಿದ್ಧಾಂತವೂ ಅಲ್ಲ, ಅಳತೆಗಳನ್ನು ಸರಿಪಡಿಸಿದ್ದು. ಆವರೆಗೆ ಒಂದು ಪ್ರಾಂತದಲ್ಲಿ ಉಷ್ಣಮಾಪಕವನ್ನು ಪಡಸಾಲೆಯಲ್ಲಿ ತೂಗುಹಾಕಿದರೆ, ಇನ್ನೊಂದರಲ್ಲಿ ಬಯಲಿನಲ್ಲಿಡುತ್ತಿದ್ದರು. ಒಬ್ಬನು ಬೆಳಿಗ್ಗೆ ನೋಡಿದರೆ ಮತ್ತೊಬ್ಬನು ನಡುಹಗಲಿನಲ್ಲಿ ನೋಡುತ್ತಿದ್ದನು. ಸಂತೆಯಲ್ಲಿ ಒಬ್ಬೊಬ್ಬ ವರ್ತಕನು ಒಂದೊಂದು ಗಾತ್ರದ ಸೇರನ್ನಿಟ್ಟುಕೊಂಡರೆ ಧಾನ್ಯದ ಲೆಕ್ಕ ಹೇಗೆ ಕೂಡೀತು? ಬ್ಲ್ಯಾನ್‌ಫರ್ಡನು ಎಲ್ಲ ಉಪಕರಣಗಳನ್ನೂ ಕಲ್ಕತ್ತೆಯ ಮಾದರಿ ಉಪಕರಣಗಳೊಡನೆ ಹೋಲಿಸಿ ನೋಡುವ ಏರ್ಪಾಡು ಮಾಡಿದನು. ನೋಡುವ ಹೊತ್ತನ್ನೂ ಬರೆಯುವ ರೀತಿಯನ್ನೂ ಏಕಪ್ರಕಾರಗೊಳಿಸಿ, ವೀಕ್ಷಕರಿಗಾಗಿ ಕೈಪಿಡಿಯೊಂದನ್ನೂ ಬರೆದುಕೊಟ್ಟನು.

ಇದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದಕ್ಕೆ ನಮ್ಮ ಊರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮ ತಲೆಯ ಮೇಲಿರುವ ಗಾಳಿಗೆ ತೂಕವುಂಟು. ಸಮುದ್ರದ ದಡದಲ್ಲಿ ಆ ತೂಕವು ಸುಮಾರು 76 ಸೆಂಟಿಮೀಟರ್ ಎತ್ತರದ ಪಾದರಸದ ಕಂಬವನ್ನು ಎತ್ತಿ ಹಿಡಿಯುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿ ಆ ಕಂಬ ಸುಮಾರು 68 ಸೆಂಟಿಮೀಟರಿಗೆ ನಿಲ್ಲುತ್ತದೆ. ಹಾಗೆಂದು ಹೊಸೂರಿನಲ್ಲಿ ದಿನವೂ ಬಿರುಗಾಳಿ ಏಳುವುದಿಲ್ಲವಷ್ಟೆ! ಚೆನ್ನೈಯ ಅಂಕಿಯೊಡನೆ ಹೊಸೂರಿನ ಅಂಕಿಯನ್ನು ಹೋಲಿಸಬೇಕಾದರೆ ಎತ್ತರದಿಂದಾದ ವ್ಯತ್ಯಾಸವನ್ನು ಲೆಕ್ಕಹಾಕಿ ತೆಗೆಯಬೇಕು. ಹೀಗೆ ಶುದ್ಧಿ ಮಾಡಿದ ಅಂಕಿಗಳನ್ನು ದೇಶದ ಭೂಪಟದ ಮೇಲೆ ಬರೆದಾಗ, ಎಲ್ಲಿ ಗಾಳಿ ಭಾರವಾಗಿದೆ, ಎಲ್ಲಿ ಹಗುರವಾಗಿದೆ, ಆದುದರಿಂದ ಯಾವ ಕಡೆಯಿಂದ ಯಾವ ಕಡೆಗೆ ಗಾಳಿ ಬೀಸಬೇಕು ಎಂಬ ಚಿತ್ರ ಮೂಡುತ್ತದೆ. ಬಿಡಿಬಿಡಿಯಾಗಿದ್ದ ಊರುಗಳ ಮಳೆಬಿಸಿಲು ಒಂದೇ ದೇಶದ ಹವಾಮಾನವಾಗಿ ಕಂಡದ್ದು ಈ ಬಗೆಯ ಭೂಪಟಗಳ ಮೇಲೆ.

ಇಲಾಖೆ ಕಣ್ಣುಬಿಟ್ಟ ಮರುವರ್ಷವೇ ದೇಶಕ್ಕೆ ಮಹಾಕ್ಷಾಮ ಬಂದೊದಗಿತು. ನಮ್ಮ ಹಿರಿಯರು ಇಂದಿಗೂ "ಧಾತು ಈಶ್ವರದ ಬರ" ಎಂದು ನೆನೆಯುವ 1876ರಿಂದ 1878ರ ವರೆಗಿನ ಕ್ಷಾಮವದು. ಆಗ ಹೊಸೂರು, ಕೃಷ್ಣಗಿರಿಗಳು ಮದರಾಸು ಆಧಿಪತ್ಯದ ಸೇಲಂ ಜಿಲ್ಲೆಗೆ ಸೇರಿದ್ದವು. 1871ರ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಜನಸಂಖ್ಯೆ 19 ಲಕ್ಷ 66 ಸಾವಿರಕ್ಕೂ ಮೇಲಿತ್ತು. 1881ರಲ್ಲಿ ಅದು ಸುಮಾರು 16 ಲಕ್ಷಕ್ಕೆ ಇಳಿದಿತ್ತು. ಗಡಿಯಾಚೆಯ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೇಲಿದ್ದ ಜನ ಅದೇ ಅವಧಿಯಲ್ಲಿ ಸುಮಾರು 42 ಲಕ್ಷವಾದರು. ಈ ಅಂಕಿಗಳನ್ನು ಓದುವಾಗ, ಒಂದೊಂದು ಅಂಕಿಯ ಹಿಂದೆಯೂ ಒಂದೊಂದು ಒಲೆ ಆರಿತೆಂಬುದನ್ನು ನಾವು ಮರೆಯಬಾರದು. ಇದೇ ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರ್ಯರು ಜನಿಸಿದರು. ಭಾರತದ ಗವರ್ನರ್ ಜನರಲ್ ಪದವಿಗೇರಿದ ಆ ಮಹಾಶಯರು ಕಣ್ಣುಬಿಟ್ಟದ್ದು ಕ್ಷಾಮದಿಂದ ಬಳಲಿ ಆಗತಾನೆ ಉಸಿರೆಳೆದುಕೊಳ್ಳುತ್ತಿದ್ದ ಸೀಮೆಯಲ್ಲಿ.

ಜನ ಸತ್ತದ್ದು ಮಳೆ ಬಾರದ್ದರಿಂದ ಮಾತ್ರವಲ್ಲ ಎಂಬುದನ್ನೂ ಹೇಳಬೇಕು. ಧಾನ್ಯದ ಬೆಲೆ ಬಡವನ ಕೈಗೆಟುಕದಷ್ಟು ಏರಿತ್ತು. ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಅರ್ಧ ಕಿಲೋಗ್ರಾಮಿಗೂ ಕಡಮೆ, ಧಾನ್ಯವೂ ಒಂದು ಆಣೆಯೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಕೂಲಿ ಗೊತ್ತುಮಾಡಿದನು. ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಶ್ ವಾದಿಸಿದನು. ಮಳೆ ತಪ್ಪುವುದು ಪ್ರಕೃತಿಯ ಕೈಯಲ್ಲಿದ್ದರೂ ಹಸಿದವನಿಗೆ ಎಷ್ಟು ಅನ್ನವೆಂಬುದು ಮನುಷ್ಯನ ಕೈಯಲ್ಲಿತ್ತು. ಆದರೂ ಮಳೆ ತಪ್ಪುವುದೆಂದು ಮೊದಲೇ ತಿಳಿದಿದ್ದರೆ ಧಾನ್ಯವನ್ನು ಕೂಡಿಡಬಹುದಿತ್ತಲ್ಲವೆ? ಈ ಪ್ರಶ್ನೆಯನ್ನು ಸರಕಾರವು ಬ್ಲ್ಯಾನ್‌ಫರ್ಡನ ಮುಂದಿಟ್ಟಿತು.

ಉತ್ತರ ಹೇಳಲು ಆತುರಪಡುವವರಿಗೆ ಆಗಲೂ ಕೊರತೆಯಿರಲಿಲ್ಲ. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುತ್ತವೆ; ಮದರಾಸಿನ ಮಳೆಯ ದಾಖಲೆಯೂ ಹಾಗೆಯೇ ನಡೆಯುತ್ತದೆ; ಆದುದರಿಂದ ಬರಗಾಲಗಳನ್ನು ಸೂರ್ಯನ ಕಲೆಗಳಿಂದ ಎಣಿಸಬಹುದೆಂದು ವಿಲಿಯಂ ಹಂಟರ್ ಎಂಬ ಅಧಿಕಾರಿ 1877ರಲ್ಲಿ ಸಾರಿದನು. ಕೇಳಲು ಇಂಪಾದ ಈ ಮಾತು ಮುಂದಿನ ವರ್ಷಗಳ ಅಂಕಿಗಳ ಮುಂದೆ ನಿಲ್ಲಲಿಲ್ಲ. ಬ್ಲ್ಯಾನ್‌ಫರ್ಡ್ ಹಿಡಿದ ದಾರಿ ಬೇರೆ. ಹಿಮಾಲಯದ ವಾಯವ್ಯ ಭಾಗದಲ್ಲಿ ಚಳಿಗಾಲದ ಕೊನೆಗೆ ಮತ್ತು ವಸಂತದಲ್ಲಿ ಹೆಚ್ಚು ಹಿಮ ಬಿದ್ದ ವರ್ಷಗಳಲ್ಲಿ, ಉತ್ತರದ ಬಯಲುಗಳ ಮೇಲೆ ಒಣಗಾಳಿ ಬಹುಕಾಲ ಬೀಸಿ ಮುಂಗಾರು ಕುಂದುವುದನ್ನು ಅವನು ಗಮನಿಸಿದನು. 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ವಿಷಯವಾಗಿ ಪ್ರಬಂಧವನ್ನು ಮಂಡಿಸಿದನು.

ಹಿಮಕ್ಕೂ ಮಳೆಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಅದರ ಒಳಗುಟ್ಟು ಭೌತಶಾಸ್ತ್ರದಲ್ಲಿದೆ. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ಜಾಗವನ್ನು ತುಂಬಲು ಸಮುದ್ರದ ಮೇಲಣ ಗಾಳಿ ನೀರಾವಿಯನ್ನು ಹೊತ್ತು ಧಾವಿಸುತ್ತದೆ. ಇದೇ ಸ್ಥೂಲವಾಗಿ ನಮ್ಮ ಮುಂಗಾರು. ಈಗ ಬೆಟ್ಟದ ಮೇಲೆ ಹಿಮ ದಟ್ಟವಾಗಿ ಬಿದ್ದಿದೆಯೆನ್ನಿ. ಬೆಳ್ಳಗಿರುವ ಹಿಮವು ಬಿಸಿಲಿನ ಬಹುಭಾಗವನ್ನು ಹಿಂದಕ್ಕೆ ಎಸೆದುಬಿಡುತ್ತದೆ. ಉಳಿದ ಬಿಸಿಲೂ ಹಿಮವನ್ನು ಕರಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಸೊನ್ನೆ ಡಿಗ್ರಿಯ ಒಂದು ಗ್ರಾಂ ಹಿಮವನ್ನು ಬರಿದೆ ನೀರು ಮಾಡಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಿಂದ ಆ ನೀರನ್ನು ಸೊನ್ನೆಯಿಂದ 80 ಡಿಗ್ರಿಯ ವರೆಗೆ ಕಾಯಿಸಬಹುದು! ಹೀಗೆ ಶಾಖವೆಲ್ಲ ಕರಗಿಸುವುದಕ್ಕೇ ಸಂದುಹೋದರೆ ನೆಲ ಕಾಯುವುದು ತಡವಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಕೆಳಗಿಳಿದು ಒಣಗಾಳಿಯಾಗಿ ಬಯಲಿನ ಕಡೆಗೆ ಹರಿಯುತ್ತದೆ. ಸಮುದ್ರದ ಗಾಳಿಗೆ ಕರೆ ದುರ್ಬಲವಾಗುತ್ತದೆ. ಸಾವಿರಾರು ಮೈಲಿಗಳಾಚೆಯ ಬೆಟ್ಟದ ನೆತ್ತಿಗೂ ಬಯಲಿನ ನೇಗಿಲಿಗೂ ಇಂಥ ಒಂದು ಸಂಬಂಧವುಂಟು ಎಂಬುದನ್ನು ಅವನು ಕಾರ್ಯಕಾರಣ ಸಹಿತವಾಗಿ ತೋರಿಸಲೆತ್ನಿಸಿದನು.

ಈ ಆಧಾರದ ಮೇಲೆ 1882ರಿಂದ 1885ರ ವರೆಗೆ ಅವನು ಪ್ರಾಯೋಗಿಕವಾಗಿ ಮುನ್ಸೂಚನೆಗಳನ್ನು ಕೊಟ್ಟುನೋಡಿದನು. ಅವು ಭರವಸೆ ಹುಟ್ಟಿಸಿದುದರಿಂದ, ಭಾರತ ಬರ್ಮಾಗಳಿಗೆಲ್ಲ ಅನ್ವಯಿಸುವ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆಯನ್ನು 1886ರ ಜೂನ್ 4ರಂದು ಹೊರಡಿಸಲಾಯಿತು. ಇಂದು ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ "ಈ ಬಾರಿ ಮುಂಗಾರು ವಾಡಿಕೆಯಷ್ಟು" ಎಂದೋ "ವಾಡಿಕೆಗಿಂತ ಕಡಮೆ" ಎಂದೋ ವಾರ್ತೆ ಕೇಳುತ್ತೇವಲ್ಲ, ಆ ವಾರ್ತೆಯ ಮೂಲ ಇದು. 1889ರಲ್ಲಿ ಬ್ಲ್ಯಾನ್‌ಫರ್ಡ್ ನಿವೃತ್ತನಾಗಿ ಸ್ವದೇಶಕ್ಕೆ ಮರಳಿದನು. 1893ರ ಜನವರಿಯಲ್ಲಿ ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು.

ಅವನು ಹೇಳಿದ್ದೆಲ್ಲವೂ ವೇದವಾಕ್ಯವಾಯಿತೆಂದು ನೀವು ತಿಳಿಯಬಾರದು. ಅವನ ಉತ್ತರಾಧಿಕಾರಿಯಾದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯನ್ನು ಸೂಚಿಸಿದನು. ಬಂದದ್ದು ಭೀಕರ ಬರಗಾಲ. ಹಿಮವೊಂದೇ ಕಾರಣವಲ್ಲವೆಂಬುದು ಆಗ ಸ್ಪಷ್ಟವಾಯಿತು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಲೋಕದ ಮೂಲೆಮೂಲೆಯ ಅಂಕಿಗಳನ್ನು ತರಿಸಿ ಜರಡಿಯಾಡಿ, ಶಾಂತಸಾಗರದ ಮೇಲೂ ಹಿಂದೂ ಮಹಾಸಾಗರದ ಮೇಲೂ ವಾಯುಭಾರವು ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವುದನ್ನು ಕಂಡುಹಿಡಿದನು. ಶಾಂತಸಾಗರದ ಪೂರ್ವ ಮತ್ತು ಮಧ್ಯಭಾಗದ ನೀರು ಬಿಸಿಯೇರುವ "ಎಲ್ ನಿನೊ" ಎಂಬ ವಿದ್ಯಮಾನವನ್ನು ಅದರೊಡನೆ ಜೋಡಿಸಿ ಅರ್ಥಮಾಡಿಕೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1877ರ ಬರಗಾಲದ ಹಿಂದೆಯೂ ಪ್ರಬಲವಾದ ಎಲ್ ನಿನೊ ಇದ್ದಿತೆಂದು ಈಗ ತಿಳಿದಿದೆ. ಆದರೂ ಹಿಮದ ಮಾತು ಮೂಲೆಗೆ ಬೀಳಲಿಲ್ಲ. ಕೃತಕ ಉಪಗ್ರಹಗಳು ಬಂದ ಮೇಲೆ ಯುರೋಪು ಏಷ್ಯಗಳ ಹಿಮದ ಹಾಸನ್ನೇ ಅಳೆದು, ಮುಂಗಾರಿನೊಡನೆ ಅದರ ಸಂಬಂಧವನ್ನು 1976ರಿಂದೀಚೆಗೆ ಮತ್ತೆ ಶೋಧಿಸಿದ್ದಾರೆ; ಆ ಸಂಬಂಧ ಎಲ್ಲ ಕಾಲದಲ್ಲಿಯೂ ಒಂದೇ ಬಲದಲ್ಲಿರುವುದಿಲ್ಲವೆಂಬುದನ್ನೂ ಕಂಡಿದ್ದಾರೆ. ವಿಜ್ಞಾನದಲ್ಲಿ ಒಬ್ಬನು ಇಟ್ಟ ಮೆಟ್ಟಿಲು ಅಪೂರ್ಣವೆಂದು ಮತ್ತೊಬ್ಬನು ಹೇಳುವುದು ಅದರ ಮೇಲೆಯೇ ನಿಂತು.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಈ ಭಾಷಣ ನಮ್ಮ ಶಾಲೆಗೆ ತಕ್ಕುದಾಗದು. 1885ರಲ್ಲಿ ರುಚಿರಾಮ್ ಸಾಹ್ನಿ ಎಂಬ ಪಂಜಾಬಿನ ತರುಣನು ಬ್ಲ್ಯಾನ್‌ಫರ್ಡನ ಇಲಾಖೆಯಲ್ಲಿ ಅಧಿಕಾರಿಯಾಗಿ ಸೇರಿದನು. ಆ ಇಲಾಖೆಯಲ್ಲಿ ಅಂಥ ಸ್ಥಾನಕ್ಕೆ ಬಂದ ಮೊದಲ ಭಾರತೀಯನವನು. ಮುಂದೆ ಆತನು ಲಾಹೋರಿನ ಸರಕಾರಿ ಕಾಲೇಜಿನಲ್ಲಿ ಅಧ್ಯಾಪಕನಾಗಿ, ಕಾಲೇಜಿನ ಗೋಡೆಗಳೊಳಗೆ ಇಂಗ್ಲಿಷಿನಲ್ಲಿ ಪಾಠ ಹೇಳಿದ್ದರಿಂದಲೇ ತೃಪ್ತನಾಗಲಿಲ್ಲ. ಪಂಜಾಬ್ ಸೈನ್ಸ್ ಇನ್‌ಸ್ಟಿಟ್ಯೂಟಿನ ಪರವಾಗಿ ಊರೂರಿಗೆ ಹೋಗಿ, ಅಂಗಡಿಯವರನ್ನೂ ಕುಶಲಕರ್ಮಿಗಳನ್ನೂ ಕೂಡಿಸಿ, ಸಾಬೂನು ಮಾಡುವುದು, ತಂತಿ ಸಮಾಚಾರ ಸಾಗುವುದು, ಕುಡಿಯುವ ನೀರಿನ ಶುದ್ಧಿ ಮುಂತಾದ ವಿಷಯಗಳನ್ನು ಅಚ್ಚ ಪಂಜಾಬಿಯಲ್ಲಿ, ಪ್ರಯೋಗಗಳ ಸಮೇತ ತಿಳಿಸಿದನು. ಜನ ಪುಡಿಕಾಸು ಕೊಟ್ಟು ಟಿಕೀಟು ಕೊಂಡು ಬಂದು ಕೇಳಿದರು! ಆತನ ಮಗನೇ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ಬೀರಬಲ್ ಸಾಹ್ನಿ. ಕಲ್ಲಾಗಿ ಹೋದ ಪ್ರಾಚೀನ ಸಸ್ಯಗಳನ್ನು ಶೋಧಿಸಿ ಲಖನೌದಲ್ಲಿ ಅದಕ್ಕಾಗಿಯೇ ಸಂಸ್ಥೆಯನ್ನು ಕಟ್ಟಿದ ವಿದ್ವಾಂಸರವರು.

ತಾಯಿನುಡಿಯಲ್ಲಿ ವಿಜ್ಞಾನ ಸಾಧ್ಯವೇ ಎಂದು ಶಂಕಿಸುವವರಿಗೆ ರುಚಿರಾಮರ ಬಾಳು ಉತ್ತರ ಕೊಡುತ್ತದೆ. ಪೋಷಕ ಮಹಾಶಯರೇ, ತಮ್ಮಲ್ಲಿ ಹಲವರ ಮನಸ್ಸಿನಲ್ಲಿ ಈ ಶಂಕೆ ಇದ್ದೀತು. ಗಡಿಯ ಈಚೆಗೆ, ತಮಿಳು ತೆಲುಗುಗಳ ನಡುವೆ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದರೆ ಮುಂದೆ ಅವರ ಗತಿಯೇನೆಂಬ ಚಿಂತೆ ಸಹಜವಾದುದು. ಅದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ತಮಿಳನ್ನೂ ಇಂಗ್ಲಿಷನ್ನೂ ನಮ್ಮ ಮಕ್ಕಳು ಚೆನ್ನಾಗಿ ಕಲಿಯಲೇಬೇಕು. ಆದರೆ "ಏಕೆ?" ಎಂಬ ಮೊದಲ ಪ್ರಶ್ನೆ ಮಗುವಿನ ಬಾಯಲ್ಲಿ ಹುಟ್ಟುವುದು ಮನೆಯ ಮಾತಿನಲ್ಲಿ. ಆ ಪ್ರಶ್ನೆಗೆ ಅದೇ ಮಾತಿನಲ್ಲಿ ಉತ್ತರ ಸಿಕ್ಕಿದರೆ, ಮಗು ಎರಡನೆಯ ಪ್ರಶ್ನೆಯನ್ನು ಕೇಳುವ ಧೈರ್ಯ ಮಾಡುತ್ತದೆ. ವಾಯುಭಾರಮಾಪಕದ ಪಾದರಸಕ್ಕೆ ಯಾವ ಭಾಷೆಯ ಹಂಗೂ ಇಲ್ಲ.

ವಿದ್ಯಾರ್ಥಿಗಳೇ, ನಿಮಗೆ ಒಂದು ಕೆಲಸವನ್ನು ಒಪ್ಪಿಸಿ ನನ್ನ ಮಾತನ್ನು ಮುಗಿಸುತ್ತೇನೆ. ನೆಟ್ಟನೆಯ ಪಕ್ಕಗಳೂ ಸಮತಟ್ಟಾದ ತಳವೂ ಉಳ್ಳ ಒಂದು ಡಬ್ಬಿಯನ್ನು ಶಾಲೆಯ ಬಯಲಿನಲ್ಲಿ, ಮರದ ಮತ್ತು ಸೂರಿನ ಮರೆಯಿಲ್ಲದ ಕಡೆ ಇಡಿ. ದಿನವೂ ಬೆಳಿಗ್ಗೆ ಎಂಟೂವರೆಗೆ ಅದರಲ್ಲಿ ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು, ಮಿಲಿಮೀಟರುಗಳಲ್ಲಿ ಬರೆದಿಟ್ಟು, ನೀರನ್ನು ಚೆಲ್ಲಿಬಿಡಿ. ಮಳೆ ಬಾರದ ದಿನ ಸೊನ್ನೆಯೆಂದು ಬರೆಯಿರಿ. ಸೊನ್ನೆಯೂ ಒಂದು ಅಳತೆಯೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 200 ಚದರ ಮೀಟರಿನ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆಯಾದರೆ 2000 ಲೀಟರ್ ಬಂದಂತಾಯಿತು. ಕೊಳವೆಬಾವಿಗಳು ವರ್ಷವರ್ಷಕ್ಕೂ ಆಳಕ್ಕಿಳಿಯುತ್ತಿರುವ ನಮ್ಮ ಸೀಮೆಯಲ್ಲಿ ಈ ಲೆಕ್ಕ ಮನೆಮನೆಗೂ ತಿಳಿದಿರಬೇಕಾದುದು. ನಿಮ್ಮ ಪುಸ್ತಕವನ್ನು ಮುಂದಿನ ವರ್ಷದ ಏಳನೆಯ ತರಗತಿಯವರಿಗೆ ಒಪ್ಪಿಸಿ, ಅವರು ತಮ್ಮ ಹಿಂದಿನವರಿಗೆ ಒಪ್ಪಿಸಲಿ. ಹತ್ತು ವರ್ಷ ಕಳೆದ ಮೇಲೆ ಆರಿದ್ರಾ ಮಳೆ ಯಾವ ವರ್ಷ ಸುರಿಯಿತು, ಚಿತ್ತೆ ಸ್ವಾತಿಗಳು ಯಾವ ವರ್ಷ ಕೈಕೊಟ್ಟವು ಎಂಬುದನ್ನು ನೆನಪಿನಿಂದಲ್ಲ, ದಾಖಲೆಯಿಂದ ಹೇಳಬಲ್ಲ ಶಾಲೆ ನಮ್ಮದಾಗುತ್ತದೆ.

ಬ್ಲ್ಯಾನ್‌ಫರ್ಡನು ತನ್ನ ಇಲಾಖೆಯನ್ನು ಕಟ್ಟಿದ್ದೂ ಹೀಗೆ ದಿನವೂ ತಪ್ಪದೆ ಅಳೆದು ಬರೆದವರ ಅಂಕಿಗಳಿಂದಲೇ. ಅವರಲ್ಲಿ ಬಹುಮಂದಿಯ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಅಂಕಿಗಳು ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಅಂಥ ಶ್ರದ್ಧೆ ನಮ್ಮ ಮಕ್ಕಳಲ್ಲಿ ಬೆಳೆಯಲೆಂದು ಹಾರೈಸುತ್ತೇನೆ.